ಟೀಚರ್ ಮನೆಯ ದುರಸ್ತಿ ಲೆಕ್ಕ

ಬದಿಯಡ್ಕದಿಂದ ಪೆರ್ಲದ ಕಡೆಗೆ ಹೋಗುವ ದಾರಿಯಲ್ಲಿ, ಡಾಮರು ರಸ್ತೆಯಿಂದ ಇಳಿದು ಅಡಿಕೆ ತೋಟದ ಬದಿಯಲ್ಲಿ ಹತ್ತು ನಿಮಿಷ ನಡೆದರೆ ಸಿಗುವ ಒಂದು ಮನೆಯ ಅಡುಗೆಕೋಣೆಯ ಗೂಡಿನಲ್ಲಿ, ಉಪ್ಪಿನ ಭರಣಿಯ ಹಿಂದೆ, ನೀಲಿ ರಟ್ಟಿನ ನೋಟ್ ಪುಸ್ತಕವೊಂದಿದೆ. ಅದರ ಮೇಲೆ ದುಂಡಗಿನ ಅಕ್ಷರಗಳಲ್ಲಿ ‘ದುರಸ್ತಿ’ ಎಂದು ಬರೆದಿದೆ. ಮನೆಯೊಡತಿ ಕನ್ನಡ ಮಾಧ್ಯಮ ಶಾಲೆಯೊಂದರ ಅಧ್ಯಾಪಿಕೆ. ಊರವರಿಗೆಲ್ಲ ಅವರು ಟೀಚರ್. ಹಾಜರಿ ಪುಸ್ತಕಕ್ಕೆ ಗೆರೆ ಎಳೆದು ಅಭ್ಯಾಸವಾದ ಕೈ, ಇಲ್ಲಿಯೂ ಐದು ಕಂಬಗಳನ್ನು ಎಳೆದಿದೆ: ದಿನಾಂಕ, ಸಾಮಾನು, ಏನಾಗಿತ್ತು, ಬಿಡಿಭಾಗದ ಬೆಲೆ, ಕೂಲಿ. ಮೊದಲ ನಮೂದು 2012ರದ್ದು. ಇಸ್ತ್ರಿಪೆಟ್ಟಿಗೆಯ ವಯರು ಸುಟ್ಟದ್ದು, ಸಾಮಾನಿಗೆ 60 ರೂಪಾಯಿ, ಕೂಲಿ 30.

ಇಂಥ ಲೆಕ್ಕವನ್ನು ಇಡುವವರು ಕಡಿಮೆ. ಅಕ್ಕಿಗೆಷ್ಟು, ಹಾಲಿಗೆಷ್ಟು, ಮಕ್ಕಳ ವ್ಯಾನಿಗೆಷ್ಟು ಎಂಬುದು ಪ್ರತಿಯೊಂದು ಮನೆಯಲ್ಲಿಯೂ ಬಾಯಿಪಾಠವಾಗಿರುತ್ತದೆ. ಆದರೆ ಮಿಕ್ಸಿ ಕೆಟ್ಟರೆ ಎಷ್ಟಾಗುತ್ತದೆ, ಫ್ರಿಜ್ಜು ನಿಂತರೆ ಎಷ್ಟು ತೆಗೆದಿರಿಸಬೇಕು ಎಂದು ಮೊದಲೇ ಲೆಕ್ಕ ಹಾಕುವುದಿಲ್ಲ. ಅದು ಜ್ವರದ ಹಾಗೆ, ಬಂದಾಗ ನೋಡಿದರಾಯಿತು ಎಂಬ ಧೋರಣೆ. ಬಂದಾಗ ಎದುರಿಗೆ ನಿಂತವನು ಹೇಳಿದ್ದೇ ದರವಾಗುತ್ತದೆ. ಟೀಚರ್ ಒಮ್ಮೆ ಮಳೆಗಾಲದ ರಜೆಯಲ್ಲಿ ಪುಸ್ತಕದ ಮೊತ್ತ ಕೂಡಿಸಿದಾಗ ಹನ್ನೆರಡು ವರ್ಷಗಳಿಗೆ 41,860 ರೂಪಾಯಿ ಬಂತು. ವರ್ಷಕ್ಕೆ ಹೆಚ್ಚುಕಡಿಮೆ ಮೂರೂವರೆ ಸಾವಿರ. ಯಜಮಾನರು ನಂಬಲಿಲ್ಲ, ಎರಡನೆಯ ಸಲ ಕೂಡಿಸಿ ನೋಡಿದರು. ಅದರಲ್ಲಿ ಅರ್ಧದಷ್ಟು ಬಾವಿಯ ಪಂಪಿನದ್ದೇ. ಅದೇ ಪಂಪನ್ನು 2014ರಲ್ಲಿ ರಿವೈಂಡ್ ಮಾಡಿಸಿದಾಗ 1,700, 2023ರಲ್ಲಿ 3,600. ಒಳಗಿನ ಸುರುಳಿಯೆಲ್ಲ ತಾಮ್ರದ ತಂತಿ. ತಾಮ್ರ ಏರಿದಂತೆ ಬಾವಿಯ ನೀರಿನ ಬೆಲೆಯೂ ಏರುತ್ತದೆ.

ಈ ಪುಸ್ತಕಕ್ಕೆ ನಿಜವಾದ ಪರೀಕ್ಷೆ ಬಂದದ್ದು 2024ರ ಆಟಿಯಲ್ಲಿ.

ಎರಡು ದಿನ ಬಿಡದೆ ಮಳೆ. ತೋಟದ ಆಚೆ ಎಲ್ಲಿಯೋ ಮರ ಬಿದ್ದು ಕರೆಂಟು ಹೋಗಿತ್ತು. ಮೂರನೆಯ ದಿನ ಬೆಳಗ್ಗೆ ಬಂತು, ಹೋಯಿತು, ಪುನಃ ಬಂತು, ಪುನಃ ಹೋಯಿತು. ಹೀಗೆ ನಾಲ್ಕೈದು ಬಾರಿ ಆದ ಮೇಲೆ ನಿಂತಿತು. ಫ್ರಿಜ್ಜಿನ ಬಾಗಿಲು ತೆರೆದರೆ ಒಳಗೆ ದೀಪ ಉರಿಯುತ್ತಿತ್ತು. ಆದರೆ ಸಂಜೆಯ ಹೊತ್ತಿಗೆ ಮೇಲಿನ ಖಾನೆಯ ಮಂಜುಗಡ್ಡೆ ಕರಗಿ ತರಕಾರಿಯ ಪೆಟ್ಟಿಗೆಗೆ ನೀರು ಇಳಿದಿತ್ತು. ಹಿಂಬದಿಯಿಂದ ಎರಡು ಮೂರು ನಿಮಿಷಕ್ಕೊಮ್ಮೆ ‘ಟಿಕ್’ ಎಂಬ ಸದ್ದು. ಒಂದು ಕ್ಷಣ ಗುಂಯ್ ಎಂದು ಮತ್ತೆ ಮೌನ.

ದೋಸೆಹಿಟ್ಟು ಹುಳಿಯಾಗುವುದು ದೊಡ್ಡ ಸಂಗತಿಯಲ್ಲ. ಆ ಫ್ರಿಜ್ಜಿನ ಬಾಗಿಲಿನ ಖಾನೆಯಲ್ಲಿ ಎಪ್ಪತ್ತೊಂಬತ್ತು ವರ್ಷದ ಅತ್ತೆಯವರ ಇನ್ಸುಲಿನ್ ಇತ್ತು. ತೆರೆದ ಶೀಶೆಯೊಂದು, ತೆರೆಯದ ಮೂರು. ತೆರೆಯದ ಶೀಶೆಗಳನ್ನು 2ರಿಂದ 8 ಡಿಗ್ರಿಯ ತಂಪಿನಲ್ಲಿ ಇಡಬೇಕು, ಹೆಪ್ಪುಗಟ್ಟಲೂ ಬಿಡಬಾರದು ಎಂದು ಔಷಧದ ಅಂಗಡಿಯವರು ಪ್ರತಿಸಲ ಹೇಳಿ ಕಳುಹಿಸುತ್ತಾರೆ. ಬಳಸಲು ತೊಡಗಿದ ಶೀಶೆ ನೆರಳಿನಲ್ಲಿ ಕೆಲವು ವಾರ ತಡೆದೀತು. ಹತ್ತನೆಯ ತರಗತಿಯ ಮಗ ಕೊಡೆ ಹಿಡಿದು, ಸ್ಟೀಲಿನ ಡಬ್ಬಿಯಲ್ಲಿ ಮೂರು ಶೀಶೆಗಳನ್ನು ಇಟ್ಟುಕೊಂಡು, ತೋಡು ದಾಟಿ ಆಚೆ ಮನೆಯ ಫ್ರಿಜ್ಜಿಗೆ ಕೊಟ್ಟು ಬಂದ. ಅಜ್ಜಿ ಜಗಲಿಯಲ್ಲಿ ಕುಳಿತು, “ನನ್ನ ಜೀವ ಈಗ ಆಚೆ ಮನೆಯ ಮೀನಿನ ಒಟ್ಟಿಗೆ ಉಂಟು” ಎಂದರು. ನಗಬೇಕೋ ಬೇಡವೋ ಎಂದು ಯಾರಿಗೂ ತಿಳಿಯಲಿಲ್ಲ.

ಫ್ರಿಜ್ಜು 2013ರಲ್ಲಿ ಮಂಗಳೂರಿನಿಂದ ತಂದದ್ದು. ಗಡಿಯ ಈಚೆಯ ಮನೆಗಳಲ್ಲಿ ಇದು ಸಾಮಾನ್ಯ. ಮದುವೆಯ ಸೀರೆಯಿಂದ ತೊಡಗಿ ಮಿಕ್ಸಿಯವರೆಗೆ ಮಂಗಳೂರೇ ಪೇಟೆ. ಆದರೆ ವಸ್ತು ಕೆಟ್ಟಾಗ ಪಿನ್‌ಕೋಡ್ ಮಾತನಾಡುತ್ತದೆ. ಟೀಚರ್ ಕಂಪೆನಿಯ ಉಚಿತ ಸಂಖ್ಯೆಗೆ ಕರೆ ಮಾಡಿ ಕನ್ನಡಕ್ಕೆ ಇರುವ ಅಂಕೆಯನ್ನೇ ಒತ್ತಿದರು. ಅತ್ತ ಕಡೆಯ ಹುಡುಗಿ ಒಳ್ಳೆಯ ಕನ್ನಡದಲ್ಲಿಯೇ ಎಲ್ಲವನ್ನೂ ಕೇಳಿಕೊಂಡು, ಕೊನೆಗೆ 671ರಿಂದ ತೊಡಗುವ ಪಿನ್‌ಕೋಡ್ ಕೇಳಿದೊಡನೆ, “ಮೇಡಂ, ನಿಮ್ಮದು ಕೇರಳ ಬರುತ್ತದೆ, ಅವರಿಗೆ ವರ್ಗಾಯಿಸುತ್ತೇನೆ” ಎಂದಳು. ಮುಂದಿನದ್ದೆಲ್ಲ ಮಲಯಾಳ. ಟೀಚರಿಗೆ ಮಲಯಾಳ ಬರುತ್ತದೆ; ಗಡಿನಾಡಿನಲ್ಲಿ ಅದು ಬಾರದೆ ನಡೆಯದು. ಹಗಲಿಡೀ ಮನೆಯಲ್ಲಿ ಒಬ್ಬರೇ ಇರುವ ಅತ್ತೆಗೆ ಬಾರದು. ಮೆಕ್ಯಾನಿಕ್ ಬಂದಾಗ ಉತ್ತರಿಸಬೇಕಾದದ್ದು ಅವರೇ ಆದುದರಿಂದ ಟೀಚರ್ ಅರ್ಧ ದಿನದ ರಜೆ ಹಾಕಿದರು. ಆ ಅರ್ಧ ದಿನವನ್ನು ಪುಸ್ತಕದ ಯಾವ ಕಂಬದಲ್ಲಿ ಬರೆಯುವುದು?

ನಾಲ್ಕನೆಯ ದಿನ ಕಂಪೆನಿಯ ಹುಡುಗ ಬಂದ. ಹಿಂಬದಿಗೆ ಟಾರ್ಚು ಹಿಡಿದ, ಕಿವಿಗೊಟ್ಟು ‘ಟಿಕ್’ ಕೇಳಿದ, ಕಂಪ್ರೆಸರಿನ ಮೇಲೆ ಕೈಯಿಟ್ಟ. ಒಟ್ಟು ಎಂಟು ನಿಮಿಷ. ಕಂಪ್ರೆಸರ್ ಹೋಗಿದೆ ಎಂದ. ಮೊಬೈಲಿನಲ್ಲಿ ಇಂಗ್ಲಿಷಿನ ಅಂದಾಜುಪಟ್ಟಿ ಬಂತು. ಕಂಪ್ರೆಸರ್ 4,900, ಗ್ಯಾಸ್ ತುಂಬಿಸಲು 1,900, ಫಿಲ್ಟರ್ ಮತ್ತು ಬೆಸುಗೆಗೆ 450, ಕೂಲಿ 850. ಒಟ್ಟು 8,100, ಅದರ ಮೇಲೆ ಶೇಕಡಾ 18ರ ಜಿ.ಎಸ್.ಟಿ. 1,458 ಸೇರಿ 9,558 ರೂಪಾಯಿ. ಬೇಡವೆಂದರೆ ಬಂದು ಹೋದದ್ದಕ್ಕೆ 450, ತೆರಿಗೆ ಸೇರಿ 531. “ಹಳೆಯದಲ್ಲವೇ, ಇದಕ್ಕೆ ಹಾಕುವ ಹಣಕ್ಕೆ ಸ್ವಲ್ಪ ಸೇರಿಸಿದರೆ ಹೊಸದೇ ಬರುತ್ತದೆ” ಎಂದೂ ಹೇಳಿದ. ಟೀಚರ್ 531 ಕೊಟ್ಟು ರಶೀದಿ ತೆಗೆದುಕೊಂಡರು.

ಆ ರಾತ್ರಿ ಊಟದ ಮೇಜಿನ ಮೇಲೆ ಪುಸ್ತಕ ತೆರೆಯಿತು. ದುರಸ್ತಿಯ ಖರ್ಚು ಹೊಸ ವಸ್ತುವಿನ ಬೆಲೆಯ ಅರ್ಧವನ್ನು ದಾಟಿದರೆ ಹೊಸದು ಕೊಳ್ಳುವುದೇ ಲೇಸು ಎಂಬ ರೂಢಿಯ ಲೆಕ್ಕವೊಂದಿದೆ. ಅದೇ ಅಳತೆಯ ಹೊಸ ಫ್ರಿಜ್ಜಿಗೆ ಪೇಟೆಯಲ್ಲಿ 16,500. ಅರ್ಧವೆಂದರೆ 8,250. ಅಂದಾಜುಪಟ್ಟಿ ಅದನ್ನು ದಾಟಿತ್ತು. ಲೆಕ್ಕದ ಪ್ರಕಾರ ಹಳೆಯ ಫ್ರಿಜ್ಜು ಗುಜರಿಗೆ ಹೋಗಬೇಕು. ಯಜಮಾನರು ಮರುದಿನವೇ ಹೋಗಿ ಕಂತಿನಲ್ಲಿ ಹೊಸದು ತರುವ ತೀರ್ಮಾನಕ್ಕೆ ಬಂದಿದ್ದರು. ಅಡಿಕೆಗೆ ಮದ್ದು ಬಿಡುವ ಸಮಯ. ಮೈಲುತುತ್ತಿಗೂ ಮದ್ದು ಬಿಡುವವನ ಕೂಲಿಗೂ ತೆಗೆದಿರಿಸಿದ್ದ ಹಣ ಅದಕ್ಕೆ ಹೋಗುತ್ತಿತ್ತು. ಕೊಳೆರೋಗಕ್ಕೆ ಒಂದು ಬಾರಿ ಮದ್ದು ತಪ್ಪಿದರೆ ಏನಾಗುತ್ತದೆ ಎಂಬುದನ್ನು ತೋಟವಿರುವವರಿಗೆ ಹೇಳಬೇಕಾಗಿಲ್ಲ.

ಲೆಕ್ಕದಲ್ಲಿ ತಪ್ಪಿರಲಿಲ್ಲ. ತಪ್ಪು ಇದ್ದದ್ದು ಲೆಕ್ಕಕ್ಕೆ ಕೊಟ್ಟ ಮೊದಲ ಸಂಖ್ಯೆಯಲ್ಲಿ. ಎಂಟು ನಿಮಿಷದಲ್ಲಿ, ಮೀಟರ್ ಹಿಡಿಯದೆ ಹೇಳಿದ ಕಾರಣವನ್ನು ನಂಬಿದ ಮೇಲೆ ಉಳಿದ ಕೂಡಿಸು ಕಳೆಯುವಿಕೆ ಎಷ್ಟು ಸರಿಯಿದ್ದರೇನು? ಇದನ್ನು ಮೊದಲು ಹೇಳಿದವನು ಮಗ. “ಅಮ್ಮಾ, ಅವರು ಬ್ಯಾಗಿನಿಂದ ಮೀಟರನ್ನೇ ತೆಗೆಯಲಿಲ್ಲ” ಎಂದ.

ಮರುದಿನ ಪೇಟೆಯ ಮೆಕ್ಯಾನಿಕ್ ಬಂದ. ಅವನು ಟೀಚರ್ ಬಳಿ ನಾಲ್ಕನೆಯ ತರಗತಿಯಲ್ಲಿ ಕಲಿತವನು. ಮಗ್ಗಿ ತಪ್ಪಿದ್ದಕ್ಕೆ ಬೆಂಚಿನ ಮೇಲೆ ನಿಂತದ್ದನ್ನು ಈಗಲೂ ನೆನಪಿಸುತ್ತಾನೆ. ಐ.ಟಿ.ಐ. ಮುಗಿಸಿ, ಆರು ವರ್ಷ ಗಲ್ಫಿನಲ್ಲಿ ಎ.ಸಿ. ಕೆಲಸ ಮಾಡಿ, ಹಿಂತಿರುಗಿ ಸಣ್ಣ ಅಂಗಡಿ ಹಾಕಿದವನು. ಫ್ರಿಜ್ಜನ್ನು ಗೋಡೆಯಿಂದ ಎಳೆದು, ಪ್ಲಗ್ಗು ಕಿತ್ತು, ಕಂಪ್ರೆಸರಿನ ಬದಿಯ ಕಪ್ಪು ಮುಚ್ಚಳ ತೆಗೆದ. ಅದರೊಳಗೆ ಬೆಂಕಿಪೆಟ್ಟಿಗೆಯಷ್ಟು ದೊಡ್ಡ ಭಾಗವೊಂದನ್ನು ಕಿತ್ತು ಮಗನ ಕಿವಿಯ ಹತ್ತಿರ ಅಲ್ಲಾಡಿಸಿದ. ಒಳಗೆ ಏನೋ ಒಡೆದ ಚೂರು ಗಲಗಲ ಎಂದಿತು.

“ಇದು ರಿಲೇ. ಇದು ಹೋಗಿದೆ. ಕಂಪ್ರೆಸರ್ ಹೋಗಿದೆಯೋ ಇಲ್ಲವೋ ಅದು ಬೇರೆ ನೋಡಬೇಕು” ಎಂದ.

ಕಂಪ್ರೆಸರ್ ಒಂದು ಮುಚ್ಚಿದ ಮೋಟರು. ತಿರುಗಲು ತೊಡಗುವಾಗ ಅದಕ್ಕೆ ಒಂದು ಹೆಚ್ಚುವರಿ ಸುರುಳಿಯ ತಳ್ಳು ಬೇಕು. ತಿರುಗಿದ ಮೇಲೆ ಆ ಸುರುಳಿ ಕಡಿದು ಹೋಗಬೇಕು. ಆ ಕೆಲಸ ಮಾಡುವುದು ರಿಲೇ. ರಿಲೇ ಒಡೆದರೆ ಮೋಟರು ತಿರುಗಲಾರದೆ ಗುಂಯ್‌ಗುಡುತ್ತದೆ, ಕಾಯುತ್ತದೆ. ಆಗ ಪಕ್ಕದ ಓವರ್‌ಲೋಡ್ ಎಂಬ ಕಾವಲುಗಾರ ‘ಟಿಕ್’ ಎಂದು ಕರೆಂಟು ಕಡಿಯುತ್ತದೆ, ತಣಿದ ಮೇಲೆ ಪುನಃ ಸೇರಿಸುತ್ತದೆ. ಮೂರು ದಿನ ಮನೆಯವರು ಕೇಳಿದ್ದು ಆ ಕಾವಲುಗಾರನ ಸದ್ದನ್ನು. ಕರೆಂಟು ಬಂದು ಹೋಗಿ ಬಂದು ಹೋದಾಗ, ಹಿಂದಿನ ಒತ್ತಡ ಇಳಿಯುವ ಮೊದಲೇ ಮೋಟರು ಪುನಃ ಪುನಃ ಎದ್ದೇಳಲು ಹೆಣಗಿ ಈ ಅನಾಹುತ ಆಗುತ್ತದೆ. ಅಂಥ ಹೊತ್ತಿನಲ್ಲಿ ಪ್ಲಗ್ಗು ತೆಗೆದಿಟ್ಟು, ಕರೆಂಟು ನೆಟ್ಟಗೆ ನಿಂತ ಮೇಲೆ ಐದು ನಿಮಿಷ ಬಿಟ್ಟು ಹಾಕಿದರೆ ತಪ್ಪಿಸಬಹುದಿತ್ತು. ಇದಕ್ಕೆ ಖರ್ಚೇನೂ ಇಲ್ಲ.

ಬಳಿಕ ಅವನು ಮೀಟರ್ ಹಿಡಿದು ಕಂಪ್ರೆಸರಿನ ಮೂರು ಮೊಳೆಗಳ ನಡುವೆ ಅಳೆದ. ಒಂದು ಜೋಡಿಗೆ 14 ಓಮ್, ಇನ್ನೊಂದಕ್ಕೆ 22, ಮೂರನೆಯದಕ್ಕೆ 36. “ಮೊದಲಿನ ಎರಡು ಕೂಡಿಸು ನೋಡುವ” ಎಂದು ಮಗನಿಗೆ ಹೇಳಿದ. 14ಕ್ಕೆ 22 ಸೇರಿದರೆ 36. ಸುರುಳಿಗಳೆರಡೂ ಸರಿಯಿದ್ದರೆ ಹೀಗೆಯೇ ಬರಬೇಕು. ಹೊರಮೈಗೂ ಮೊಳೆಗೂ ನಡುವೆ ಸಂಪರ್ಕವಿಲ್ಲ ಎಂಬುದನ್ನೂ ನೋಡಿದ. “ಕಂಪ್ರೆಸರಿಗೆ ಎಂತ ಆಗಿಲ್ಲ ಟೀಚರ್” ಎಂದ. ಹೊಸ ರಿಲೇ, ಹೊಸ ಓವರ್‌ಲೋಡ್ ಹಾಕಿ ಪ್ಲಗ್ಗು ಸೇರಿಸಿದಾಗ ಫ್ರಿಜ್ಜು ಸಣ್ಣಗೆ ನಡುಗಿ ಓಡತೊಡಗಿತು. ಅಜ್ಜಿ ಬಂದು ಬಾಗಿಲು ತೆರೆದು ಒಳಗೆ ಕೈಯಿಟ್ಟು ನೋಡಿದರು. ಒಂದು ಗಂಟೆಯಾದ ಮೇಲೆ ಪುನಃ ನೋಡಿದರು. ಆಚೆ ಮನೆಯಿಂದ ಶೀಶೆಗಳನ್ನು ತರಲು ಮೊಮ್ಮಗನನ್ನು ಕಳುಹಿಸಿದ್ದು ಮರುದಿನ ಬೆಳಗ್ಗೆ.

ಎಷ್ಟಾಯಿತು ಎಂದು ಕೇಳಿದಾಗ, ಎಲ್ಲ ಊರುಗಳಲ್ಲಿಯೂ ಕೇಳಿಬರುವ ಉತ್ತರವೇ ಬಂತು. “ಕೊಟ್ಟಷ್ಟು ಕೊಡಿ ಟೀಚರ್, ನಿಮ್ಮತ್ರ ಎಂತ ಲೆಕ್ಕ?”

ಈ ಮಾತು ಪ್ರೀತಿಯದು, ಸಂಶಯವಿಲ್ಲ. ಆದರೆ ಇದರಷ್ಟು ತೊಂದರೆ ಕೊಡುವ ಮಾತು ಇನ್ನೊಂದಿಲ್ಲ. ಕೊಡುವವರಿಗೆ ಕಡಿಮೆಯಾಯಿತೋ ಎಂಬ ಅಳುಕು, ಪಡೆಯುವವನಿಗೆ ಕೇಳಲಾರದ ಸಂಕೋಚ. ಮುಂದಿನ ಸಲ ಕರೆದಾಗ ಅವನು ಬರಲು ತಡಮಾಡಿದರೆ ಕಾರಣ ಇಬ್ಬರಿಗೂ ಗೊತ್ತು, ಇಬ್ಬರೂ ಆಡುವುದಿಲ್ಲ. ಟೀಚರ್ ಪುಸ್ತಕ ಮತ್ತು ಪೆನ್ನು ಅವನ ಎದುರಿಗಿಟ್ಟು, “ಸಾಮಾನಿಗೆ ಎಷ್ಟು, ಕೂಲಿಗೆ ಎಷ್ಟು ಎಂದು ನೀನೇ ಬರೆ” ಎಂದರು. ಅವನು ತಲೆ ಕೆರೆದುಕೊಂಡು ಬರೆದ: ಸಾಮಾನು 380, ಕೂಲಿ 300. ಒಟ್ಟು 680. ಎಷ್ಟೋ ವರ್ಷಗಳ ಬಳಿಕ ಕನ್ನಡದಲ್ಲಿ ಬರೆಯುತ್ತಿರುವುದು ಎಂದೂ ಹೇಳಿ ನಕ್ಕ. ‘ಕೂಲಿ’ಯ ದೀರ್ಘ ತಪ್ಪಿತ್ತು, ಟೀಚರ್ ತಿದ್ದಲಿಲ್ಲ.

9,558 ಎಲ್ಲಿ, 680 ಎಲ್ಲಿ ಎಂದು ಯಜಮಾನರು ಊರಿಡೀ ಹೇಳಿಕೊಂಡು ತಿರುಗಿದರು. ಟೀಚರಿಗೆ ಆ ಮುನ್ನೂರರ ಮೇಲೆಯೇ ಮನಸ್ಸು ನಿಂತಿತು. ಚಹಾ ಕುಡಿಯುತ್ತಾ ಅವನಿಂದಲೇ ಬಿಡಿಸಿ ಕೇಳಿದರು. ಅಂಗಡಿಯಿಂದ ಹನ್ನೊಂದು ಕಿಲೋಮೀಟರ್ ಬರುವುದು, ಹನ್ನೊಂದು ಹೋಗುವುದು. ಸ್ಕೂಟರಿಗೆ ಅರ್ಧ ಲೀಟರಿಗಿಂತ ಮೇಲೆ ಪೆಟ್ರೋಲು, ಅಂದರೆ ಅರುವತ್ತು ರೂಪಾಯಿ ಆಚೀಚೆ. ಎರಡು ಗಂಟೆ ಹೊತ್ತು. ಮಳೆಗಾಲದಲ್ಲಿ ದಿನಕ್ಕೆ ಮೂರು ಮನೆಗಿಂತ ಹೆಚ್ಚು ಆಗುವುದಿಲ್ಲ. ಮೂರರಲ್ಲಿ ಒಂದು ಮನೆಯವರು ನೋಡಿಸಿ, ಬೇಡ, ಆಮೇಲೆ ಹೇಳುತ್ತೇವೆ ಎನ್ನುತ್ತಾರೆ. ಅಲ್ಲಿ ಪೆಟ್ರೋಲಿನ ಹಣವೂ ಇಲ್ಲ. ಬ್ಯಾಗಿನಲ್ಲಿ ಹತ್ತು ಬಗೆಯ ರಿಲೇ, ಥರ್ಮೋಸ್ಟಾಟ್, ಕೆಪಾಸಿಟರುಗಳನ್ನು ಕೊಂಡು ಇಟ್ಟಿರಬೇಕು. ಕೆಲವು ವರ್ಷಗಟ್ಟಲೆ ಬ್ಯಾಗಿನಲ್ಲಿಯೇ ಉಳಿಯುತ್ತವೆ. ಬೇಡದ ಭಾಗ ಬೇಕಾದರೆ ಮಂಗಳೂರಿಗೆ ಬಸ್ಸು ಹತ್ತಬೇಕು. ಹೀಗೆ ನೋಡಿದರೆ ಕಂಪೆನಿಯ 450 ರೂಪಾಯಿಯ ಭೇಟಿ ಶುಲ್ಕವೂ ಅನ್ಯಾಯವೇನಲ್ಲ. ಯಾರಾದರೂ ಮನೆಗೆ ಬಂದು ತಮ್ಮ ಹೊತ್ತು ಮತ್ತು ವಿದ್ಯೆ ಕೊಟ್ಟರೆ ಅದಕ್ಕೆ ಬೆಲೆಯಿದೆ. ಅನ್ಯಾಯವಾದದ್ದು ಆ ಬೆಲೆ ತೆಗೆದುಕೊಂಡೂ ಮೀಟರ್ ತೆಗೆಯದೆ ಇದ್ದದ್ದು.

ಟೀಚರ್ ಅದನ್ನು ಅಲ್ಲಿಗೇ ಬಿಡಲಿಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಅಲ್ಲಿ ಕನ್ನಡವೂ ಇದೆ, ಪಿನ್‌ಕೋಡ್ ಕೇಳಿ ಭಾಷೆ ಬದಲಿಸುವುದಿಲ್ಲ. ದೂರು ದಾಖಲಾಯಿತು. ಮೂರು ವಾರಗಳ ಮೇಲೆ ಕಂಪೆನಿಯಿಂದ ಬಂದ ಉತ್ತರದ ಸಾರ ಇಷ್ಟು: ತಮ್ಮ ಸಿಬ್ಬಂದಿ ಕ್ರಮಪ್ರಕಾರವೇ ಪರಿಶೀಲಿಸಿದ್ದಾರೆ, ಆದರೂ ಗ್ರಾಹಕರ ಸಮಾಧಾನಕ್ಕಾಗಿ ಹೊಸ ಫ್ರಿಜ್ಜಿನ ಮೇಲೆ ರಿಯಾಯಿತಿ ಕೊಡಲು ಸಿದ್ಧ. 531 ಹಿಂದೆ ಬರಲಿಲ್ಲ. ಗ್ರಾಹಕ ಆಯೋಗಕ್ಕೆ ಹೋಗಬಹುದಿತ್ತು. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಲ್ಲಿ ಗಡಿನಾಡಿನವರು ತಿಳಿದಿರಬೇಕಾದ ಅನುಕೂಲವೊಂದಿದೆ. ವಸ್ತುವನ್ನು ಮಂಗಳೂರಿನಲ್ಲಿ ಕೊಂಡಿದ್ದರೂ, ಕಂಪೆನಿ ಎಲ್ಲಿಯೇ ಇದ್ದರೂ, ದೂರುದಾರರು ತಾವು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ ದೂರು ಕೊಡಬಹುದು. 5 ಲಕ್ಷ ರೂಪಾಯಿಯವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ, ಎರಡು ವರ್ಷದೊಳಗೆ ಕೊಡಬೇಕು. ರಶೀದಿ ಕೊಡದಿರುವುದನ್ನೂ ಆ ಕಾಯಿದೆ ಅನುಚಿತ ವ್ಯಾಪಾರ ಪದ್ಧತಿಯ ಸಾಲಿಗೆ ಸೇರಿಸಿದೆ. ಇಷ್ಟೆಲ್ಲ ತಿಳಿದೂ ಟೀಚರ್ ಹೋಗಲಿಲ್ಲ. 531 ರೂಪಾಯಿಗಾಗಿ ಎಷ್ಟು ಅರ್ಧ ದಿನದ ರಜೆ ಹಾಕುವುದು? ಹೋಗಬೇಕಿತ್ತು ಎನ್ನುವವರೂ ಇದ್ದಾರೆ. ಕಂಪೆನಿಗಳು ಎಣಿಸುವುದು ಈ ಅರ್ಧ ದಿನದ ರಜೆಯನ್ನೇ ಎಂಬುದು ಅವರ ವಾದ, ಮತ್ತು ಅದರಲ್ಲಿ ಹುರುಳಿದೆ.

ಊರಿನ ಮೆಕ್ಯಾನಿಕ್ ಯಾವಾಗಲೂ ಸರಿ, ಕಂಪೆನಿ ಯಾವಾಗಲೂ ತಪ್ಪು ಎಂದು ತಿಳಿದರೆ ಮೋಸ ಹೋಗುವುದು ಖಂಡಿತ. ಅದೇ ವರ್ಷದ ತುಲಾಮಾಸದಲ್ಲಿ ಆ ಮನೆಯವರೇ ಮೋಸ ಹೋದರು. ಕಾಸರಗೋಡಿನ ಕಡೆ ಅಕ್ಟೋಬರ್, ನವೆಂಬರಿನ ಸಂಜೆಯ ಮಳೆ ಎಂದರೆ ಸಿಡಿಲು. ಒಂದು ಸಂಜೆ ತೆಂಗಿನ ಮರಕ್ಕೆ ಹೊಡೆದ ಸಿಡಿಲಿಗೆ ವಾಷಿಂಗ್ ಮೆಷಿನಿನ ಬೋರ್ಡು ಹೋಯಿತು. ಪ್ಲಗ್ಗು ತೆಗೆದಿರಲಿಲ್ಲ, ಸ್ವಿಚ್ಚು ಆರಿಸಿದ್ದರೆ ಸಾಕು ಎಂದು ನಂಬಿದ್ದರು. ಸಿಡಿಲಿಗೆ ಸ್ವಿಚ್ಚಿನೊಳಗಿನ ಆ ಎಳ್ಳಿನಷ್ಟು ಅಂತರ ಏನೂ ಅಲ್ಲ. ಮೆಕ್ಯಾನಿಕ್ ಬಂದು ನೋಡಿ, ಬೋರ್ಡಿನ ಮೇಲೆ ಅಂಟಿನಂಥ ರಾಳ ಸುರಿದು ಮುಚ್ಚಿರುವುದನ್ನು ತೋರಿಸಿದ. ಸಾಬೂನಿನ ನೀರು ಹೋಗದಿರಲಿ ಎಂದು ಹಾಗೆ ಮಾಡುತ್ತಾರೆ. ಅದನ್ನು ಕೆರೆದು ಒಳಗಿನ ಒಂದು ಭಾಗ ಬದಲಾಯಿಸುವುದು ತನ್ನ ಕೈಯಲ್ಲಿ ಆಗುವ ಕೆಲಸವಲ್ಲ, ಕಂಪೆನಿಯವರನ್ನೇ ಕರೆಯಿರಿ ಎಂದು ನೇರವಾಗಿ ಹೇಳಿದ.

ಯಜಮಾನರಿಗೆ ಫ್ರಿಜ್ಜಿನ ಗೆಲುವಿನ ಗುಂಗು ಇಳಿದಿರಲಿಲ್ಲ. ಯಾರೋ ಹೇಳಿದರೆಂದು ಬೋರ್ಡನ್ನು ಕಿತ್ತು ದೂರದ ಅಂಗಡಿಯೊಂದಕ್ಕೆ ಕೊಟ್ಟರು. 1,200 ರೂಪಾಯಿ, ರಶೀದಿಯಿಲ್ಲ. ಹತ್ತೊಂಬತ್ತು ದಿನ ಓಡಿತು, ಇಪ್ಪತ್ತನೆಯ ದಿನ ನಿಂತಿತು. ಅಂಗಡಿಯವನು ಇದು ಬೇರೆ ತೊಂದರೆ ಎಂದ. ಕೊನೆಗೆ ಕಂಪೆನಿಯವರನ್ನು ಕರೆದಾಗ ಬಂದದ್ದು ಶಾಂತ ಸ್ವಭಾವದ ಹುಡುಗ. ಮೊದಲು ಮನೆಯ ಭೂಸಂಪರ್ಕವನ್ನೇ ಅಳೆದು, ಅರ್ಥ್ ಗುಂಡಿ ಒಣಗಿದೆ, ಅದನ್ನು ಸರಿಪಡಿಸದೆ ಹೊಸ ಬೋರ್ಡು ಹಾಕಿದರೆ ಪುನಃ ಹೋದೀತು ಎಂದ. ಬೋರ್ಡು 3,900, ಕೂಲಿ 450, ತೆರಿಗೆ 783. ಒಟ್ಟು 5,133. ಹಾಕಿದ ಭಾಗಕ್ಕೆ 90 ದಿನದ ಖಾತರಿಯನ್ನು ರಶೀದಿಯಲ್ಲಿಯೇ ಬರೆದುಕೊಟ್ಟು, ಸುಟ್ಟ ಹಳೆಯ ಬೋರ್ಡನ್ನು ಚೀಲದಲ್ಲಿ ಹಾಕಿ ಕೈಗೆ ಕೊಟ್ಟ. ಪುಸ್ತಕದ ಆ ಪುಟದಲ್ಲಿ 1,200ರ ಸುತ್ತ ಟೀಚರ್ ಕೆಂಪು ಪೆನ್ನಿನಿಂದ ವೃತ್ತ ಹಾಕಿದ್ದಾರೆ. ಯಜಮಾನರು ಆ ಪುಟವನ್ನು ತಿರುವುವುದಿಲ್ಲ.

ಪುಸ್ತಕವನ್ನು ನೋಡಲು ಈಗ ಶಾಲೆಯ ತಾಯಂದಿರೂ ಬರುತ್ತಾರೆ. ಪಿ.ಟಿ.ಎ. ಸಭೆ ಮುಗಿದ ಮೇಲೆ ವರಾಂಡದಲ್ಲಿ ಈ ಮಾತು ಬರುವುದುಂಟು. ಫ್ಯಾನು ನಿಧಾನವಾಗಿ ತಿರುಗುತ್ತದೆಯೇ? ಹೆಚ್ಚಿನ ಸಲ ಅದು ಕೆಪಾಸಿಟರು. ಸಾಮಾನು 60, ಕೂಲಿ 100ರಿಂದ 150. ಫ್ಯಾನು ಬದಲಾಯಿಸಬೇಕೆಂದು ಹೇಳಿದರೆ ಎರಡು ಸಲ ಯೋಚಿಸಬೇಕು. ಮಿಕ್ಸಿಯ ಮೋಟರು ಓಡುತ್ತದೆ, ಜಾರು ತಿರುಗುವುದಿಲ್ಲ ಎಂದಾದರೆ ನಡುವಿನ ಕಪ್ಲರ್ ತುಂಡಾಗಿದೆ. ಅದು 40 ರೂಪಾಯಿಯ ಸಾಮಾನು. ಬ್ಲೇಡು ಸಿಕ್ಕಿಕೊಂಡಾಗ ಮೋಟರು ಸುಡದಿರಲಿ ಎಂದೇ ಅದನ್ನು ಮೆತ್ತಗೆ ಮಾಡಿರುತ್ತಾರೆ. ಕಿಡಿ ಹಾರಿ ಓಡುವುದು ನಿಂತರೆ ಕಾರ್ಬನ್ ಬ್ರಷ್, ಜೋಡಿಗೆ ಅರುವತ್ತೋ ಎಂಬತ್ತೋ. ಆರ್ಮೇಚರೇ ಸುಟ್ಟ ವಾಸನೆ ಬಂದರೆ ಮಾತ್ರ ಹೊಸ ಮಿಕ್ಸಿಯ ಯೋಚನೆ. ಆ ಮನೆಯ ಹಳೆಯ ಮಿಕ್ಸಿಯ ವಿಷಯದಲ್ಲಿ ಇದನ್ನು ತಿಳಿಯದೆ ಒಂದೇ ವರ್ಷ ಮೂರು ಸಲ ರಿಪೇರಿ ಮಾಡಿಸಿ ಹೊಸದರ ಅರ್ಧ ಬೆಲೆ ಸುರಿದದ್ದೂ ಪುಸ್ತಕದಲ್ಲಿದೆ.

ಫ್ರಿಜ್ಜಿನ ವಿಷಯ ಬಂದರೆ ಟೀಚರ್ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತಾರೆ. ‘ಗ್ಯಾಸ್ ಮುಗಿದಿದೆ’ ಎಂದು ಯಾರಾದರೂ ಹೇಳಿದರೆ, ಎಲ್ಲಿಂದ ಸೋರಿತು ಎಂದು ಕೇಳಬೇಕು. ಅದು ಅಡುಗೆಯ ಗ್ಯಾಸಿನಂತೆ ಉರಿದು ಖಾಲಿಯಾಗುವುದಲ್ಲ. ಮುಚ್ಚಿದ ಕೊಳವೆಯಲ್ಲಿ ಸುತ್ತುತ್ತಲೇ ಇರುವುದು. ತೂತು ಮುಚ್ಚದೆ ಎರಡು ಸಾವಿರ ಕೊಟ್ಟು ತುಂಬಿಸಿದರೆ ಆ ಎರಡು ಸಾವಿರವೂ ಅದೇ ತೂತಿನಿಂದ ಹೋಗುತ್ತದೆ. ಹಿಂಬದಿಯ ಚೀಟಿಯಲ್ಲಿ ಆರ್ 600ಎ ಎಂದಿದ್ದರೆ ಒಳಗಿರುವುದು ಬೆಂಕಿ ಹಿಡಿಯುವ ಅನಿಲ. ಅದನ್ನು ಪೂರ್ತಿ ಹೊರಬಿಡದೆ ಅಡುಗೆಕೋಣೆಯಲ್ಲಿಯೇ ಬೆಸುಗೆ ದೀಪ ಹಚ್ಚುವವನನ್ನು ತಡೆಯಬೇಕು, ಕೂಲಿ ಎಷ್ಟೇ ಕಡಿಮೆ ಇರಲಿ. ಈಗಿನ ಇನ್ವರ್ಟರ್ ಫ್ರಿಜ್ಜುಗಳಲ್ಲಿ ಹಳೆಯ ಬಗೆಯ ರಿಲೇ ಇಲ್ಲ. ಆ ಜಾಗದಲ್ಲಿ ಒಂದು ಬೋರ್ಡು ಕುಳಿತಿದೆ. ಕರೆಂಟು ಉಳಿಸುತ್ತದೆ, ನಿಜ. ಕೆಟ್ಟರೆ 380 ರೂಪಾಯಿಯಲ್ಲಿ ಮುಗಿಯುವುದಿಲ್ಲ. ಹೊಸದನ್ನು ಕೊಳ್ಳುವಾಗ ಮಳಿಗೆಯವರು ಮೊದಲನೆಯದನ್ನು ಹೇಳುತ್ತಾರೆ, ಎರಡನೆಯದನ್ನು ಹೇಳುವುದಿಲ್ಲ.

ಮಗನ ವಿಷಯ ಇನ್ನೂ ತೀರ್ಮಾನವಾಗಿಲ್ಲ. ಹತ್ತನೆಯ ತರಗತಿಯ ಭೌತಶಾಸ್ತ್ರದಲ್ಲಿ ವಿದ್ಯುತ್ಕಾಂತೀಯ ಪ್ರೇರಣೆಯ ಪಾಠವಿದೆ. ಮೆಕ್ಯಾನಿಕ್ ಬಂದು ಹೋದ ರಾತ್ರಿ ಅವನು ಆ ಪಾಠವನ್ನು ಹೇಳದೆಯೇ ಓದಿದ. ಪುಸ್ತಕದ ಕನ್ನಡ ಪದಗಳ ಪಕ್ಕದಲ್ಲಿ ಪೆನ್ಸಿಲಿನಿಂದ ಮೆಕ್ಯಾನಿಕ್ ಹೇಳಿದ ಪದಗಳನ್ನು ಬರೆದುಕೊಂಡ: ಸುರುಳಿಗೆ ವೈಂಡಿಂಗ್, ಭೂಸಂಪರ್ಕಕ್ಕೆ ಅರ್ಥ್. ಒಂದು ದಿನ ಊಟದ ಹೊತ್ತಿಗೆ, ಪ್ಲಸ್ ಟು ಬೇಡ, ಐ.ಟಿ.ಐ.ಗೆ ಹೋಗುತ್ತೇನೆ, ಫ್ರಿಜ್ಜು ಎ.ಸಿ.ಯ ಎರಡು ವರ್ಷದ ಕಲಿಕೆ ಇದೆ ಎಂದ. ತಂದೆ ಅನ್ನ ಕಲಸುವುದನ್ನು ನಿಲ್ಲಿಸಿದರು. ಟೀಚರ್ ಮಗ ಸ್ಕೂಟರಿನಲ್ಲಿ ಬ್ಯಾಗು ಹಾಕಿಕೊಂಡು ಮನೆ ಮನೆ ತಿರುಗುವುದೇ ಎಂಬುದು ಅವರ ಕಣ್ಣಿನಲ್ಲಿತ್ತು. ನಾಲ್ಕು ತಿಂಗಳು ಊರಿಡೀ ಆ ಮೆಕ್ಯಾನಿಕನನ್ನು ಹೊಗಳಿದವರೂ ಅವರೇ.

ಟೀಚರ್ ಪರವಾಗಿಯೂ ಮಾತನಾಡಲಿಲ್ಲ, ವಿರೋಧವಾಗಿಯೂ ಮಾತನಾಡಲಿಲ್ಲ. ಅವರಿಗೆ ಆ ಮುನ್ನೂರು ರೂಪಾಯಿಯ ಲೆಕ್ಕ ಗೊತ್ತಿತ್ತು. ಪೆಟ್ರೋಲು ಕಳೆದು, ಬೇಡವೆಂದ ಮನೆಗಳನ್ನು ಕಳೆದು, ಮಳೆಯ ದಿನಗಳನ್ನು ಕಳೆದು ಎಷ್ಟು ಉಳಿಯುತ್ತದೆ ಎಂಬುದೂ ಗೊತ್ತಿತ್ತು. ಪದವಿ ಮುಗಿಸಿ ಕೆಲಸವಿಲ್ಲದೆ ಜಗಲಿಯಲ್ಲಿ ಕುಳಿತ ತಮ್ಮ ಹಳೆಯ ವಿದ್ಯಾರ್ಥಿಗಳ ಮುಖವೂ ನೆನಪಿತ್ತು. ಪರೀಕ್ಷೆ ಮುಗಿಯಲಿ, ಆಮೇಲೆ ಮಾತನಾಡುವ ಎಂದಷ್ಟೇ ಹೇಳಿದರು. ಅಜ್ಜಿ ಮಾತ್ರ, “ಅವನು ಕಲಿತರೆ ನನ್ನ ಮದ್ದು ಆಚೆ ಮನೆಗೆ ಹೋಗುವುದು ತಪ್ಪೀತು” ಎಂದರು.

ಪುಸ್ತಕದ ಕೊನೆಯ ನಮೂದು ಮಗನ ಅಕ್ಷರದಲ್ಲಿದೆ. ಮಿಕ್ಸಿ, ಕಾರ್ಬನ್ ಬ್ರಷ್ ಸವೆದದ್ದು, ಸಾಮಾನು 70. ಪೇಟೆಯ ಅಂಗಡಿಯಿಂದ ತಾನೇ ತಂದು, ಪ್ಲಗ್ಗು ತೆಗೆದು, ಅಜ್ಜಿಯನ್ನು ಎದುರಿಗೆ ಕೂರಿಸಿಕೊಂಡು ಹಾಕಿದ್ದು. ಕೂಲಿಯ ಕಂಬ ಖಾಲಿ ಇತ್ತು. ಯಾಕೆ ಬರೆಯಲಿಲ್ಲ ಎಂದು ಟೀಚರ್ ಕೇಳಿದಾಗ ಅವನು ಪೆನ್ನು ಹಿಡಿದೇ ನಿಂತು, “ಎಷ್ಟು ಬರೆಯಬೇಕು ಅಮ್ಮಾ?” ಎಂದು ಕೇಳಿದ.